ಏಳು ದಿನ ಒಲೆಯ ಮುಂದೆ ನಿಲ್ಲಬಾರದು

"ಅದನ್ನ ಕನ್ನಡದಲ್ಲಿ ಬರೆದುಕೊಡಿ ಡಾಕ್ಟ್ರೇ," ಎಂದಳು ರಾಗಿಣಿ.

ಡಾಕ್ಟರ್ ಗಗನಾ ಚೀಟಿಯಿಂದ ತಲೆಯೆತ್ತಿದರು. ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯಲ್ಲಿ, ಸೀರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಅವರ ಚರ್ಮದ ಕ್ಲಿನಿಕ್ಕು. "ಯಾವುದನ್ನ?"

"ಒಲೆ ಮುಂದೆ ನಿಲ್ಲಬಾರದು ಅಂದ್ರಲ್ಲ, ಅದನ್ನ. ಏಳು ದಿನ ಅಂತಾನೂ ಸೇರಿಸಿ. ಇಂಗ್ಲಿಷಲ್ಲಿದ್ರೆ ನಮ್ಮತ್ತೆ ಓದಲ್ಲ. ಓದದೆ ಇದ್ರೆ ನಂಬಲ್ಲ."

ಡಾಕ್ಟರು ನಕ್ಕರು. ರಾಗಿಣಿಗೆ ನಗುವುದಕ್ಕಾಗಲಿಲ್ಲ, ಮುಖವೆಲ್ಲ ಬಿಗಿದುಕೊಂಡಿತ್ತು. ಹತ್ತು ನಿಮಿಷದ ಹಿಂದೆಯಷ್ಟೇ ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟು, ಬ್ರಷ್ಷಿನಲ್ಲಿ ಅದೇನೋ ಆ್ಯಸಿಡ್ಡನ್ನು ಹಣೆಯಿಂದ ಗಲ್ಲದವರೆಗೂ ಬಳಿದಿದ್ದರು. ಹಸಿಮೆಣಸಿನಕಾಯಿ ಹೆಚ್ಚಿದ ಕೈಯನ್ನು ಮರೆತು ಮುಖಕ್ಕೆ ಒರೆಸಿಕೊಂಡಂಥ ಉರಿ. ಡಾಕ್ಟರು ನಿಮಿಷ ನೋಡುತ್ತ ಕೂತಿದ್ದರು, ನರ್ಸು ಪುಟ್ಟ ಫ್ಯಾನು ಹಿಡಿದು ನಿಂತಿದ್ದಳು. ಮೂರು ನಿಮಿಷವಾದ ಮೇಲೆ ತೊಳೆದು, ಬಿಳಿ ಕ್ರೀಮು ಹಚ್ಚಿ, "ಆಯ್ತು ನೋಡಿ" ಎಂದಿದ್ದರು. ಇಂಥವು ಒಟ್ಟು ಆರು ಸಲ, ಮೂರು ವಾರಕ್ಕೊಂದರಂತೆ.

"ಬಿಸಿಲು ಬೇಡ, ಉಜ್ಜೋದು ಬೇಡ, ಅರಿಶಿನ ಬೇಡ. ಮೂರನೇ ದಿನದಿಂದ ಸಿಪ್ಪೆ ಏಳತ್ತೆ, ಕೀಳಬೇಡಿ, ಅದಾಗೇ ಉದುರಲಿ. ಎಲ್ಲಕ್ಕಿಂತ ಮುಖ್ಯ ಒಲೆ ಶಾಖ. ಹೊಸ ಚರ್ಮಕ್ಕೆ ಶಾಖ ತಾಗಿದ್ರೆ ಬಂಗು ಮೊದಲಿಗಿಂತ ಕಪ್ಪಾಗಿ ಬರತ್ತೆ," ಎನ್ನುತ್ತ ಡಾಕ್ಟರು ಚೀಟಿಯ ಕೆಳಗೆ ಕನ್ನಡದಲ್ಲಿ ದುಂಡಗೆ ಬರೆದರು: ಏಳು ದಿನ ಒಲೆಯ ಮುಂದೆ ನಿಲ್ಲಬಾರದು. ರಾಗಿಣಿ ಕೇಳಿ ಅದರ ಮೇಲೆ ಸೀಲನ್ನೂ ಒತ್ತಿಸಿಕೊಂಡಳು.

ಬಂಗು ಏನೂ ಪ್ರಾಣ ತೆಗೆಯುವ ಕಾಯಿಲೆಯಲ್ಲ. ಎರಡು ಕೆನ್ನೆಯ ಮೇಲೆ, ಮೂಗಿನ ಮೇಲೆ ಟೀ ಚೆಲ್ಲಿದ ಹಾಗೆ ಒಂದು ಕಲೆ, ಅಷ್ಟೆ. ಆದರೆ ಹನ್ನೆರಡು ವರ್ಷದಿಂದ ಅರಿಶಿನ-ಕುಂಕುಮಕ್ಕೆ ಹೋದ ಮನೆಯಲ್ಲೆಲ್ಲ "ಯಾಕ್ರೀ ರಾಗಿಣಿ, ಹುಷಾರಿಲ್ವಾ?" ಎಂದು ಕೇಳಿಸಿಕೊಂಡು, ಇದ್ದೀನಿ ಇದ್ದೀನಿ ಎಂದು ಹೇಳಿ ಹೇಳಿ ಅವಳಿಗೆ ಸಾಕಾಗಿಹೋಗಿತ್ತು. ಯಾರೋ ಹೇಳಿದರೆಂದು ಮೆಡಿಕಲ್ ಸ್ಟೋರಿನಿಂದ ಒಂದು ಟ್ಯೂಬು ತಂದು ನಾಲ್ಕು ವರ್ಷ ಹಚ್ಚಿದಳು. ಚರ್ಮ ಈರುಳ್ಳಿ ಸಿಪ್ಪೆಯಂತೆ ತೆಳ್ಳಗಾಯಿತು, ಬಂಗು ಇದ್ದಲ್ಲೇ ಇತ್ತು. ಕೊನೆಗೆ ಮಗಳು ಅಪೂರ್ವ ಕೈಹಿಡಿದು ಎಳೆದುಕೊಂಡು ಹೋದ ಮೇಲೆ ಡಾಕ್ಟರು ಟ್ಯೂಬು ಬಿಡಿಸಿ, ಮೂರು ತಿಂಗಳು ಚರ್ಮಕ್ಕೆ ಆರೈಕೆ ಮಾಡಿ, ಆಮೇಲೆ ಈ ಪೀಲಿಂಗಿಗೆ ಕೈಹಾಕಿದ್ದರು. ಖರ್ಚು ರಾಗಿಣಿಯದೇ, ಸಂಜೆ ಹೊತ್ತು ಮಕ್ಕಳಿಗೆ ಹಿಂದಿ ಪಾಠ ಹೇಳಿ ಬಂದದ್ದು. ಮುಖ ಅವಳದು, ದುಡ್ಡು ಅವಳದು. ಆದರೆ ಒಲೆ ಮನೆಯವರೆಲ್ಲರದು ನೋಡಿ, ತಾಪತ್ರಯ ಶುರುವಾದದ್ದೇ ಅಲ್ಲಿ.

ಬಸವೇಶ್ವರನಗರದ ಮನೆಯಲ್ಲಿ ಅತ್ತೆ ಯಶೋದಮ್ಮ ಆ ಚೀಟಿಯನ್ನು ಎರಡೆರಡು ಸಲ ಓದಿದರು. ಎಪ್ಪತ್ತೆಂಟು ವರ್ಷ. ಮಂಡಿ ಸೋತು ಕುರ್ಚಿ ಹಿಡಿದಿದ್ದರೂ ಮಡಿ ಬಿಟ್ಟವರಲ್ಲ. ಮನೆಯವರು ಸ್ನಾನ ಮಾಡಿ, ಮಡಿಯುಟ್ಟು ಬೇಯಿಸಿದ್ದನ್ನು ಬಿಟ್ಟು ಬೇರೆ ಅನ್ನ ಮುಟ್ಟುವವರಲ್ಲ.

"ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು," ಎಂದು ಚೀಟಿ ವಾಪಸು ಕೊಟ್ಟರು. "ನಲವತ್ತೊಂಬತ್ತು ವರ್ಷಕ್ಕೆ ಮುಖ ಸುಲಿಸ್ಕೊಂಡು ಬಂದಿದೀಯಲ್ಲೇ. ಏಳು ದಿನ ನಾನೇನು ಗಾಳಿ ಕುಡೀಲಾ?"

"ನಾನು ಮಾಡ್ತೀನಿ ಬಿಡಿ ಅಜ್ಜಿ," ಎಂದಳು ಅಪೂರ್ವ. ಆಡಿಟರ್ ಆಫೀಸಿನಲ್ಲಿ ಕೆಲಸಕ್ಕೆ ಸೇರಿ ಒಂದು ವರ್ಷವಾದ ಹುಡುಗಿ. ಬೆಳಗ್ಗೆ ಎಂಟಕ್ಕೆ ಹೊರಟರೆ ಮನೆ ಸೇರುವಾಗ ರಾತ್ರಿ ಎಂಟು.

"ಮಡಿಯುಟ್ಟು ಮಾಡ್ತೀಯಾ?"

"ಪ್ಯಾಂಟ್ ಹಾಕ್ಕೊಂಡು ಮಾಡಿದ್ರೆ ಅನ್ನ ಬೇಯಲ್ವಾ?"

"ಬೇಯತ್ತೆ ಕಣೇ. ನನ್ನ ಗಂಟಲಲ್ಲಿ ಇಳಿಯಲ್ಲ."

"ಯಾಕೆ ಕೂಗಾಡ್ತೀರ ಎಲ್ರೂ? ಏನೋ ಒಂದು ಆಗತ್ತೆ," ಎಂದ ಲಕ್ಷ್ಮೀಪತಿ, ಪೇಪರಿನ ಹಿಂದಿನಿಂದ. ರಾಗಿಣಿಯ ಗಂಡ, ಖಾಸಗಿ ಕಾಲೇಜೊಂದರ ಆಫೀಸಿನಲ್ಲಿ ಸೂಪರಿಂಟೆಂಡೆಂಟು. ಮನೆಯಲ್ಲಿ ಏನು ಗಲಾಟೆಯಾದರೂ ಅವನ ಬಾಯಲ್ಲಿ ಬರುವುದು ಅದೊಂದೇ ಮಾತು. ಇಪ್ಪತ್ತಾರು ವರ್ಷದಿಂದ ಆ ಏನೋ ಒಂದನ್ನು ಆಗಿಸುತ್ತ ಬಂದವಳು ಯಾರು ಎಂದು ಅವನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಮೊದಲೆರಡು ದಿನ ದರ್ಶಿನಿಯ ಇಡ್ಲಿ, ಬಿಸಿಬೇಳೆಬಾತು ಬಂದವು. ಯಶೋದಮ್ಮ ಅತ್ತ ತಿರುಗಿಯೂ ನೋಡದೆ ಮೊಸರವಲಕ್ಕಿ ತಿಂದರು. ಮೂರನೇ ದಿನವೂ ಮೊಸರವಲಕ್ಕಿ. ತಿಂದರು ಎನ್ನುವುದಕ್ಕಿಂತ ರಾಗಿಣಿಗೆ ಕಾಣುವಂತೆ ಕೂತು ತಿಂದರು ಎನ್ನಬೇಕು. ನಾಲ್ಕನೇ ದಿನ ಬೆಳಗ್ಗೆ ರಾಗಿಣಿಗೆ ತಡೆಯಲಾಗಲಿಲ್ಲ. ಸ್ನಾನ ಮಾಡಿ, ಮಡಿಸೀರೆ ಸುತ್ತಿಕೊಂಡು, ಮುಖಕ್ಕೆ ಒದ್ದೆ ವಸ್ತ್ರ ಕಟ್ಟಿ ಅನ್ನಕ್ಕಿಟ್ಟಳು, ತೊವ್ವೆಗಿಟ್ಟಳು. ಬ್ಯಾಗು ಹೆಗಲಿಗೇರಿಸಿ ಹೊರಟಿದ್ದ ಅಪೂರ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಕಿರುಚಿದಳು.

"ಅಮ್ಮಾ! ತಲೆ ಕೆಟ್ಟಿದ್ಯಾ? ಸಿಪ್ಪೆ ಏಳ್ತಾ ಇದೆ ಮುಖದಲ್ಲಿ!"

"ಅರ್ಧ ಗಂಟೆ ಕೆಲಸ ಕಣೇ. ಅಜ್ಜಿ ಮೂರು ದಿನದಿಂದ ಊಟ ಮಾಡಿಲ್ಲ."

"ಮಾಡದೇ ಇದ್ರೆ ಬಿಡು! ಹಠ ಅದು, ಹಸಿವಲ್ಲ."

"ನನಗೆ ಕಿವಿ ಕೇಳತ್ತೆ," ಎಂದರು ಹಾಲಿನಿಂದ ಯಶೋದಮ್ಮ.

"ಕೇಳ್ಲಿ ಅಂತಾನೇ ಹೇಳಿದ್ದು ಅಜ್ಜಿ."

ಅಪೂರ್ವ ಅಡುಗೆಮನೆಗೆ ಕಾಲಿಟ್ಟು, ಮಡಿಯೂ ಇಲ್ಲ ಗಿಡಿಯೂ ಇಲ್ಲ, ಗ್ಯಾಸು ಆರಿಸಿ, ಅಮ್ಮನನ್ನು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಪರದೆ ಎಳೆದು ಮಲಗಿಸಿ ಹೋದಳು. ಅಂದು ರಾಗಿಣಿ ಹಗಲು ಎಂಟಕ್ಕೆ ಮಲಗಿದವಳು ಎದ್ದದ್ದು ಮಧ್ಯಾಹ್ನ ಎರಡೂವರೆಗೆ. ಎದ್ದಾಗ ಎಲ್ಲಿದ್ದೇನೆಂದು ಗೊತ್ತಾಗಲಿಲ್ಲ. ಬೆನ್ನಿನಲ್ಲಿ ಯಾವಾಗಲೂ ಕೂತಿರುತ್ತಿದ್ದ ನೋವು ಇರಲಿಲ್ಲ. ಅಯ್ಯೋ, ಇಷ್ಟು ನಿದ್ದೆ ನನ್ನ ಮೈಯೊಳಗಿತ್ತೇ ಎಂದು ಅವಳಿಗೇ ಗಾಬರಿಯಾಯಿತು. ಮತ್ತೆ ಮಲಗಿದಳು.

ಮೂರು ವಾರ ಬಿಟ್ಟು ಎರಡನೇ ಸಲ ಹೋದಾಗ ಡಾಕ್ಟರು ಎಡಗೆನ್ನೆಯನ್ನು ದೀಪಕ್ಕೆ ಹಿಡಿದು ನೋಡಿದರು.

"ಒಲೆ ಮುಂದೆ ನಿಂತಿದ್ರಾ?"

"ಅರ್ಧ ಗಂಟೆ."

"ಆ ಅರ್ಧ ಗಂಟೆ ಇಲ್ಲಿ ಕಾಣ್ತಾ ಇದೆ ನೋಡಿ. ಹೀಗೆ ಮಾಡೋದಾದ್ರೆ ಸುಮ್ಮನೆ ನಿಮ್ಮ ದುಡ್ಡೂ ದಂಡ, ನನ್ನ ಕೆಲಸಾನೂ ದಂಡ."

ಮನೆಗೆ ಬಂದು ಹಾಲಿನಲ್ಲಿ ನಿಂತು, ಗಂಡ, ಅತ್ತೆ ಇಬ್ಬರಿಗೂ ಕೇಳುವಂತೆ ಹೇಳಿದಳು: "ಈ ಸಲ ಏಳು ದಿನ ನಾನು ಒಲೆ ಹತ್ರ ಬರಲ್ಲ. ಯಾರು ಏನೇ ತಿನ್ನಲಿ, ಬಿಡಲಿ." ಹೇಳಿದವಳೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಾಲಿನಿಂದ ಯಶೋದಮ್ಮನ ದನಿ. "ಲಕ್ಷ್ಮೀಪತಿ, ನಾಳೆ ಬೆಳಗ್ಗೆ ಐದೂವರೆಗೆ ಏಳು."

"ಯಾಕಮ್ಮ?"

"ಮಡಿಯುಟ್ಟು ಅನ್ನ ಇಡು. ನನಗೆ ಅವಲಕ್ಕಿ ತಿಂದು ಹೊಟ್ಟೆ ಉಬ್ಬರ ಆಗತ್ತೆ."

"ನನಗೆಲ್ಲಿ ಬರತ್ತಮ್ಮ ಅದೆಲ್ಲ?"

"ನಾನು ಹೇಳ್ತೀನಿ, ನೀನು ಮಾಡು. ಕಾಲೇಜಲ್ಲಿ ಅಷ್ಟು ಜನಕ್ಕೆ ಕೆಲಸ ಹೇಳ್ತೀಯಂತೆ, ಒಂದು ದಿನ ಹೇಳಿಸ್ಕೋ."

ಹಾಗೆ ಲಕ್ಷ್ಮೀಪತಿ ಐವತ್ತಾರನೇ ವಯಸ್ಸಿನಲ್ಲಿ ಅಡುಗೆಮನೆ ಹೊಕ್ಕ. ಮೊದಲ ದಿನ ಅನ್ನ ಗಂಜಿ. ಎರಡನೇ ದಿನ ತಳ ಹತ್ತಿತು. ಮೂರನೇ ದಿನ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಯಶೋದಮ್ಮ ಅಡುಗೆಮನೆಯ ಬಾಗಿಲಿಗೆ ಕುರ್ಚಿ ಹಾಕಿಸಿಕೊಂಡು ಕೂತು, ಹುಣಸೆಹಣ್ಣು ಎಷ್ಟು, ಬೆಲ್ಲ ಎಷ್ಟು ಎಂದು ಬೆರಳಲ್ಲಿ ತೋರಿಸುವರು. ಅವನು ಪಂಚೆ ಮೇಲೆತ್ತಿ ಕಟ್ಟಿಕೊಂಡು, "ಸಾಸಿವೆ ಎಲ್ಲಿದೆ?" ಎಂದು ಕೋಣೆಯ ಕಡೆ ಕೂಗುವನು. ರಾಗಿಣಿ ಒಳಗಿನಿಂದಲೇ, "ಎಡಗಡೆ, ಎರಡನೇ ಡಬ್ಬ" ಎನ್ನುವಳು. ಅಂತೂ ಅಜ್ಜಿಯ ಎಲೆಗೆ ಅನ್ನ ಬಿತ್ತು, ಬೈದುಕೊಂಡಾದರೂ ಉಂಡರು.

ಮಹಡಿಯ ಬಾಡಿಗೆ ಮನೆಯ ಕಲಾವತಿ ಒಂದು ದಿನ ರೊಟ್ಟಿ, ಬದನೆಕಾಯಿ ಎಣಗಾಯಿ ಹಿಡಿದು ಇಳಿದು ಬಂದಳು. ಗದಗದ ಕಡೆಯ ಹೆಣ್ಣುಮಗಳು.

"ಆಂಟಿ ಎಲ್ಲಿ ಅದಾರ್ರೀ ಅಮ್ಮಾರ? ಎರಡ ದಿನಾ ಆತು, ಕಂಡೇ ಇಲ್ಲ."

"ದೂರ ಕೂತಿದಾಳೆ," ಎಂದರು ಯಶೋದಮ್ಮ. "ಏಳು ದಿನ."

"ಏಳ ದಿನಾ? ನಮ್ಮ ಕಡೆ ಮೂರ ದಿನಕ್ಕ ಮುಗೀತೈತ್ರಿ."

"ಇದು ಡಾಕ್ಟರು ದುಡ್ಡು ಇಸ್ಕೊಂಡು ಕೂರಿಸೋ ದೂರ ಕಣಮ್ಮ. ಜಾಸ್ತಿ ದಿನ."

ಕೋಣೆಯೊಳಗಿದ್ದ ರಾಗಿಣಿಗೆ ಅದು ಚುಚ್ಚಿತು. ಆದರೂ ಸುಳ್ಳಲ್ಲ. ಆ ಮನೆಯಲ್ಲಿ ಮೊದಲು ತಿಂಗಳಿಗೆ ಮೂರು ದಿನ ಹಾಗೆ ದೂರ ಕೂರುವುದಿತ್ತು. ಅಡುಗೆಮನೆ, ದೇವರಮನೆ ಯಾವುದೂ ಮುಟ್ಟುವಂತಿಲ್ಲ. ಮದುವೆಯಾದ ಹೊಸತರಲ್ಲಿ ಅವಳಿಗೆ ಅವಮಾನ ಎನ್ನಿಸುತ್ತಿತ್ತು, ಆಮೇಲಾಮೇಲೆ ಕ್ಯಾಲೆಂಡರು ನೋಡಿ ಕಾಯುತ್ತಿದ್ದಳು. ಆ ಮೂರು ದಿನ ಅತ್ತೆಯೇ ಅಡುಗೆ ಮಾಡುತ್ತಿದ್ದರು. ಎರಡು ವರ್ಷದ ಹಿಂದೆ ಅತ್ತೆಯ ಮಂಡಿ ಹೋಯಿತು, ಅದೇ ವರ್ಷ ಸೊಸೆಯ ಮುಟ್ಟೂ ನಿಂತಿತು. ದೇವರು ಅಂಥ ವಿಷಯದಲ್ಲಿ ಬಹಳ ಅಚ್ಚುಕಟ್ಟು. ಅಲ್ಲಿಂದೀಚೆಗೆ ರಾಗಿಣಿಗೆ ಒಂದು ಭಾನುವಾರವೂ ಇರಲಿಲ್ಲ. ಈಗ ಮುಖ ಉರಿಯುತ್ತಿದ್ದರೂ ಸರಿ, ಈ ಏಳು ದಿನ ಅವಳಿಗೆ ಬೇಕಾಗಿತ್ತು. ಬಂಗು ಹೋಗುವುದು ಬೇಕೋ ಏಳು ದಿನ ಬೇಕೋ ಎಂದು ಯಾರಾದರೂ ನಿಲ್ಲಿಸಿ ಕೇಳಿದ್ದರೆ ಅವಳು ಏನು ಹೇಳುತ್ತಿದ್ದಳೋ.

ಮೂರನೇ ಸಲದ ತಾರೀಖು ಗೊತ್ತುಮಾಡಿದವಳು ಅಪೂರ್ವ. ಮಾವನವರ ಶ್ರಾದ್ಧ ಬರುವುದಿತ್ತಲ್ಲ, ಅದಕ್ಕೆ ಅಡ್ಡ ಬರಬಾರದೆಂದು ಫೋನು ತೆಗೆದು ನೋಡಿದಳು. "ಜೂನ್ ಇಪ್ಪತ್ತೆಂಟಕ್ಕೆ ತಾತನ ಶ್ರಾದ್ಧ ಅಮ್ಮ. ಹೋದ ವರ್ಷ ನಾನೇ ಹಾಕಿಟ್ಟಿದೀನಿ, ಪ್ರತಿ ವರ್ಷ ಅದೇ ನೆನಪಿಸತ್ತೆ. ಪೀಲಿಂಗ್ ಹದಿನಾರಕ್ಕೆ ಮಾಡಿಸಿದ್ರೆ ಹನ್ನೆರಡು ದಿನ ಸಿಗತ್ತೆ, ಮುಖ ಪೂರ್ತಿ ವಾಸಿ ಆಗಿರತ್ತೆ." ರಾಗಿಣಿಯೂ ಹೂಂ ಎಂದಳು. ಯಶೋದಮ್ಮನೂ, ಮೊಮ್ಮಗಳ ಫೋನು ಹೊಡೆದುಕೊಳ್ಳುತ್ತದಲ್ಲ ಎಂದು, ಪಂಚಾಂಗ ತಿರುವಿ ನೋಡಲಿಲ್ಲ.

ಹದಿನಾರರ ಬೆಳಗ್ಗೆ ಪೀಲಿಂಗು ಆಯಿತು. ಸಂಜೆ ನಂದಿನಿ ಲೇಔಟಿನಿಂದ ಪುರೋಹಿತರು ಪುರುಷೋತ್ತಮಾಚಾರ್ಯರು ಫೋನು ಮಾಡಿದರು. "ಲಕ್ಷ್ಮೀಪತಿ, ನಾಡಿದ್ದು ಬುಧವಾರ ಜ್ಯೇಷ್ಠ ಬಹುಳ ಸಪ್ತಮಿ. ನಿಮ್ಮ ತಂದೆಯವರದು. ಹತ್ತೂವರೆಗೆ ನಾವಿಬ್ಬರು ಬಂದುಬಿಡ್ತೀವಿ. ಬಾಳೆಎಲೆ ತರಿಸಿಡಿ."

ತಿಥಿ ಸಾಮಾನ್ಯವಾಗಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆಂದು ಪಾಪ, ಫೋನಿಗೆ ಹೇಗೆ ಗೊತ್ತಾಗಬೇಕು? ಗೊತ್ತಿದ್ದ ಮೂವರು ದೊಡ್ಡವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಪೂರ್ವ, "ಸಾರಿ ಅಮ್ಮಾ, ಸಾರಿ ಸಾರಿ," ಎಂದು ಅಳುವುದಕ್ಕೇ ಶುರುಮಾಡಿದಳು.

"ಮಠದಲ್ಲಿ ಮಾಡಿಸಿಬಿಡೋಣ," ಎಂದ ಲಕ್ಷ್ಮೀಪತಿ.

"ಮನೆ ಕಟ್ಟಿಸಿದೋರು ಅವರು. ಅವರಿಗೆ ಮನೇಲಿ ಒಂದು ತುತ್ತು ಹಾಕಕ್ಕಾಗಲ್ವಾ ನಿಮಗೆ?" ಎಂದರು ಯಶೋದಮ್ಮ.

ಅಡುಗೆಯವರಿಗೆ ಫೋನಿನ ಮೇಲೆ ಫೋನು ಹೋಯಿತು. ಮದುವೆ ದಿನಗಳು, ಒಬ್ಬರಾದರೂ ಸಿಗಬೇಡವೇ. ಮಾರನೆಯ ದಿನ ಸಂಜೆಗೆ ಲಕ್ಷ್ಮೀಪತಿ ಕೋಣೆಯ ಬಾಗಿಲಿಗೆ ಬಂದು ನಿಂತ.

"ಒಂದೇ ದಿನ ರಾಗಿಣಿ. ಬೇಕಾದ್ರೆ ಆ ಕ್ರೀಮ್ ದಪ್ಪಗೆ ಹಚ್ಕೊಂಡು ಮಾಡು. ಆಮೇಲೆ ಹದಿನೈದು ದಿನ ಮಲಕ್ಕೋ, ನಾನು ಕೇಳಲ್ಲ."

"ಮೊದಲಿಗಿಂತ ಕಪ್ಪಾಗತ್ತೆ ಅಂದಿದಾರೆ ರೀ."

"ಆದ್ರೆ ಆಗ್ಲಿ ಬಿಡು, ನಾವೇನು ನಿನ್ನ ಮುಖ ನೋಡಿ ಊಟ ಮಾಡ್ತೀವಾ?"

ಸಮಾಧಾನಕ್ಕೆಂದೇ ಹೇಳಿದ್ದು ಅವನು. ರಾಗಿಣಿಗೆ ವಾದ ಮಾಡುವಷ್ಟು ಶಕ್ತಿಯಿರಲಿಲ್ಲ. "ಆಯ್ತು," ಎಂದಳು. ಅಷ್ಟು ದಿನ ಹಿಡಿದ ಹಠವೆಲ್ಲ ಆ ಒಂದು ಮಾತಿಗೆ ಇಳಿದುಹೋಯಿತು. ಇನ್ನು ಈ ಜನ್ಮಕ್ಕೆ ಇಷ್ಟೇ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು.

ಬುಧವಾರ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ತಲೆಗೆ ನೀರು ಹಾಕಿಕೊಂಡು, ಒದ್ದೆ ಸೀರೆಯುಟ್ಟು ಅಡುಗೆಮನೆಗೆ ಬಂದಾಗ ಯಶೋದಮ್ಮ ಆಗಲೇ ಮಡಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಎಳ್ಳುಂಡೆಗೆ ಬೆಲ್ಲ ಕುಟ್ಟುತ್ತಿದ್ದರು. ವಡೆಗೆ ಉದ್ದು ನೆನೆದಿತ್ತು. ಬಾಳೆಕಾಯಿ ಪಲ್ಯ, ಮೆಣಸಿನ ಸಾರು, ಪಾಯಸ, ಎರಡು ಬಗೆ ಚಟ್ನಿ, ಎಲ್ಲ ಹತ್ತು ಗಂಟೆಯೊಳಗೆ ಆಗಬೇಕು. ರಾಗಿಣಿ ಬೆಂಕಿಪೊಟ್ಟಣ ಎತ್ತಿಕೊಂಡಳು.

"ಬೆಳಕಿಗೆ ಬಾ," ಎಂದರು ಯಶೋದಮ್ಮ. ಬಂದಳು. "ಗಲ್ಲದ ಹತ್ರ ಅದೇನು ಎದ್ದಿರೋದು?"

"ಸಿಪ್ಪೆ."

"ಉದುರತ್ತಾ?"

"ಉದುರತ್ತೆ. ಇವತ್ತಿಂದ ಇನ್ನು ಮೂರು ನಾಲ್ಕು ದಿನ."

"ಆಚೆ ನಡಿ."

ರಾಗಿಣಿಗೆ ಅರ್ಥವಾಗಲಿಲ್ಲ. "ಅತ್ತೆ, ಅಡುಗೆ..."

"ಪಿತೃಗಳ ಅನ್ನಕ್ಕೆ ಒಂದು ಕೂದಲು ಬಿದ್ರೆ ಪೂರ್ತಿ ಚೆಲ್ಲಬೇಕು. ಚರ್ಮ ಉದುರ್ತಿರೋಳು ಪಾತ್ರೆ ಮೇಲೆ ಬಗ್ಗಿದ್ರೆ ಗತಿ ಏನು? ಮಡಿಗೆ ಬರಲ್ಲ ನೀನು. ನಡಿ ಆಚೆ!"

ಗದ್ದಲಕ್ಕೆ ಲಕ್ಷ್ಮೀಪತಿ ಎದ್ದು ಬಂದ. "ಅಮ್ಮಾ, ಅವಳನ್ನ ಕಳಿಸಿದ್ರೆ ಮಾಡೋರ್ಯಾರು?"

"ಶ್ರಾದ್ಧ ಯಾರಪ್ಪಂದು?"

"ನಮ್ಮಪ್ಪಂದು."

"ಅವಳಪ್ಪಂದಲ್ವಲ್ಲ? ಹೋಗು, ತಲೆ ಮೇಲೆ ನೀರು ಹಾಕ್ಕೊಂಡು ಬಾ."

ರಾಗಿಣಿ ಒದ್ದೆ ಸೀರೆಯಲ್ಲೇ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. ಬಿಡುಗಡೆ ಎನ್ನಬೇಕೋ ಹೊರಗೆ ಹಾಕಿದರು ಎನ್ನಬೇಕೋ. ಇಪ್ಪತ್ತಾರು ವರ್ಷ ಬೇಯಿಸಿ ಹಾಕಿದವಳನ್ನು ಒಂದು ಚೂರು ಸಿಪ್ಪೆಗೆ ಆಚೆ ನಡಿ ಎಂದರಲ್ಲ ಎಂದು ದುಃಖ ಉಕ್ಕಿತು. ಅದೇ ಮಂಚದಲ್ಲಿ ಮಲಗಿದ್ದ ಅಪೂರ್ವ ಎದ್ದು ಕೂತಳು. "ಅಳಬೇಡಮ್ಮ, ಉರಿಯತ್ತೆ." ಕಣ್ಣೀರು ಇಳಿದಲ್ಲೆಲ್ಲ ಮುಖ ನಿಜಕ್ಕೂ ಉರಿಯಿತು.

ಆರು ಗಂಟೆಗಳ ಕಾಲ ಬಾಗಿಲಾಚೆ ಯುದ್ಧ. ಸೌಟು ಬಿತ್ತು, ಪಾತ್ರೆ ಉರುಳಿತು, ಎಣ್ಣೆ ಸಿಡಿದು ಲಕ್ಷ್ಮೀಪತಿ ಹಾ ಎಂದ. "ರಾಗಿಣಿ, ಉದ್ದು ಎಷ್ಟು ನುಣ್ಣಗೆ?" "ನೀರು ಕಡಿಮೆ ಹಾಕಿ!" "ರಾಗಿಣಿ, ಗೋಡಂಬಿ?" "ಫ್ರಿಜ್ಜಿನ ಬಾಗಿಲಲ್ಲಿ!" ಹತ್ತು ಸಲ ಎದ್ದು ಬಾಗಿಲ ಚಿಲಕಕ್ಕೆ ಕೈಹಾಕಿದಳು, ಹತ್ತು ಸಲ ಕೂತಳು. ಮಲಗಿದರೂ ನಿದ್ದೆ ಬರಲಿಲ್ಲ.

ಆಚಾರ್ಯರಿಬ್ಬರೂ ಉಂಡು, ತೃಪ್ತರಾದೆವು ಎಂದು ಹೇಳಿ ಹೊರಟಾಗ ಎರಡೂವರೆ. ಮನೆಯವರ ಎಲೆ ಹಾಕಿದಾಗ ಮೂರು. ಲಕ್ಷ್ಮೀಪತಿಯೇ ಬಡಿಸಿದ. ವಡೆ ಒಳಗೆ ಹಸಿ, ಸಾರು ಖಾರ. ರಾಗಿಣಿ ಏನೂ ಬಿಡದೆ ಉಂಡಳು. ತಾನು ಮಾಡದ ವಿಶೇಷದಡುಗೆ ಉಂಡು ಎಷ್ಟು ವರ್ಷವಾಗಿತ್ತೋ. ಊಟವಾದ ಮೇಲೆ ಅವನು ಚಾಪೆಯೂ ಇಲ್ಲದೆ ಹಾಲಿನ ನೆಲದ ಮೇಲೆ ಉದ್ದಕ್ಕೆ ಬಿದ್ದುಕೊಂಡ. ಮುಖ ಕೆಂಪು ಕೆಂಪು, ಮುಂಗೈಯಲ್ಲಿ ಎರಡು ಬೊಬ್ಬೆ.

"ಒಲೆ ಹತ್ರ ಇಷ್ಟೊಂದು ಶಾಖ ಇರತ್ತಾ?" ಎಂದು ಕೇಳಿದ.

"ಇರತ್ತೆ," ಎಂದಳು ರಾಗಿಣಿ.

ಅಷ್ಟಕ್ಕೇ ಅವನಿಗೆ ಜ್ಞಾನೋದಯವಾಗಿ ಬದಲಾಗಿಬಿಟ್ಟ ಎಂದುಕೊಳ್ಳಬೇಡಿ. ಮಾರನೆಯ ಬೆಳಗ್ಗೆಯೇ ಪಂಚೆ ಕಟ್ಟಿಕೊಳ್ಳುತ್ತ, "ಇನ್ನೆಷ್ಟು ದಿನ ಇದೆಯಪ್ಪಾ ಇದು?" ಎಂದು ಗೊಣಗಿದ.

ಶ್ರಾದ್ಧದ ಸಂಜೆ ಯಶೋದಮ್ಮ ಕೋಲೂರಿಕೊಂಡು ಕೋಣೆಗೆ ಬಂದು ಮಂಚದ ಮೇಲೆ ಕೂತರು. ಸ್ವಲ್ಪ ಹೊತ್ತು ಮಂಡಿ ನೀವಿಕೊಂಡರು.

"ಸಿಟ್ಟು ಬಂತಾ ಬೆಳಗ್ಗೆ?"

"ಬಂತು."

"ಬರಲಿ. ನನಗೂ ನಿನ್ನ ಮೇಲೆ ಬಹಳ ಸಿಟ್ಟಿತ್ತು, ಗೊತ್ತಾ? ನೀನು ಹೊಸದಾಗಿ ಬಂದಾಗ. ತಿಂಗಳಿಗೆ ಮೂರು ದಿನ ನೀನು ಈ ಕೋಣೇಲಿ ಹೊದ್ಕೊಂಡು ಮಲಗಿರ್ತಿದ್ದೆ. ನನಗೆ ಆಗಲೇ ನಿಂತುಹೋಗಿತ್ತು. ಅಲ್ಲಿ ರುಬ್ಬುತಾ ನಿಂತಿರೋವಾಗ ನೀನು ಮಗ್ಗುಲು ಬದಲಾಯಿಸಿದ್ದು ಕೇಳ್ಸೋದು. ಹೊಟ್ಟೆ ಉರಿಯೋದು ಕಣೇ. ದೂರ ಕೂತೋಳ ಮೇಲೆ ಯಾರಾದ್ರೂ ಹೊಟ್ಟೆಕಿಚ್ಚು ಪಡ್ತಾರಾ? ನಾನು ಪಟ್ಟೆ."

ಯಶೋದಮ್ಮ ಕೋಲು ಹಿಡಿದು ಎದ್ದರು, "ಪಾಯಸಕ್ಕೆ ಸಕ್ಕರೆ ಜಾಸ್ತಿ ಹಾಕಿಬಿಟ್ಟ ಮುಂಡೇದು," ಎಂದು ಬೈದುಕೊಳ್ಳುತ್ತ ಹೊರಗೆ ಹೋದರು.

ನಾಲ್ಕನೇ ಸಲ ಅಪೂರ್ವಳಿಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ. ರಾಗಿಣಿ ಪಾಠಕ್ಕೆ ಬರುವ ಮಕ್ಕಳಿಗೆ ಇವತ್ತು ಬೇಡವೆಂದು ಹೇಳಿ, ಛತ್ರಿ ಹಿಡಿದು, ಮಧ್ಯಾಹ್ನ ಒಬ್ಬಳೇ ಹೋದಳು. ಹಿಂದಿನ ವಾರವಿಡೀ ಅವಳು ಆ ದಿನ ಎಣಿಸುತ್ತಿದ್ದಳು. ತಲೆಯಲ್ಲಿ ಆಗಲೇ ಹಾಸಿಗೆಯಿತ್ತು, ಎಳೆದ ಪರದೆಯಿತ್ತು. ಬರುವ ಭಾನುವಾರ ಮಧ್ಯಾಹ್ನವೂ ಮಲಗಬಹುದು ಎಂದು ಲೆಕ್ಕ ಹಾಕಿಕೊಂಡಿದ್ದಳು.

ಡಾಕ್ಟರ್ ಗಗನಾ ಬಹಳ ಹೊತ್ತು ಮುಖ ನೋಡಿದರು. ಭೂತಗನ್ನಡಿ ಇಟ್ಟು ನೋಡಿದರು. ಆಮೇಲೆ ಕನ್ನಡಿಯನ್ನು ಅವಳ ಕೈಗೆ ಕೊಟ್ಟರು.

"ತುಂಬಾ ಚೆನ್ನಾಗಿ ಬಂದಿದೆ ಮೇಡಂ. ನೀವೇ ನೋಡಿ. ಚರ್ಮ ಎಷ್ಟು ಆರೋಗ್ಯವಾಗಿದೆ! ಇವತ್ತು ಪೀಲಿಂಗ್ ಬೇಡ. ಇನ್ನು ಉಳಿದಿರೋದೂ ಬೇಡ."

"ಆರು ಅಂದಿದ್ರಿ."

"ಹೌದು, ಆದರೆ ಮೂರಕ್ಕೇ ಬಂದಿದೆ. ಸುಮ್ಮನೆ ಜಾಸ್ತಿ ಮಾಡಿದ್ರೆ ಚರ್ಮ ಸೋಲತ್ತೆ. ರಾತ್ರಿ ಒಂದು ಕ್ರೀಮ್, ಹಗಲು ಸನ್‌ಸ್ಕ್ರೀನ್, ಅಷ್ಟೇ ಸಾಕು."

ರಾಗಿಣಿ ಕನ್ನಡಿ ನೋಡಿದಳು. ಕೆನ್ನೆಯ ಮೇಲಿನ ಟೀ ಬಣ್ಣ ಹುಡುಕಿದರೆ ಸಿಗಬೇಕು ಎನ್ನುವಷ್ಟು ತಿಳಿಯಾಗಿತ್ತು. ಹನ್ನೆರಡು ವರ್ಷದಿಂದ ಬಯಸಿದ ಮುಖ.

"ಮತ್ತೆ ಒಲೆ?"

"ಧಾರಾಳವಾಗಿ ಮಾಡಿ ಅಡುಗೆ! ಸನ್‌ಸ್ಕ್ರೀನ್ ಹಚ್ಕೊಂಡು ಮಾಡಿ. ಇನ್ನೇನೂ ಪಥ್ಯ ಇಲ್ಲ ನಿಮಗೆ."

"ಡಾಕ್ಟ್ರೇ, ಇವತ್ತೊಂದು ಸಲ ಮಾಡಿಬಿಡಿ. ಲೈಟಾಗಿ."

"ಯಾಕೆ? ಬೇಡ ಅಂತ ಇದೀನಲ್ಲ. ಖುಷಿ ಆಗ್ಲಿಲ್ವಾ ನಿಮಗೆ?"

ರಾಗಿಣಿ ಕನ್ನಡಿಯನ್ನು ಮೇಜಿನ ಮೇಲೆ ಮಗುಚಿಟ್ಟಳು. "ಸುಸ್ತಾಗಿದೆ ಡಾಕ್ಟ್ರೇ," ಎಂದಳು. "ತುಂಬಾ ಸುಸ್ತಾಗಿದೆ."

ಡಾಕ್ಟರು ಪೆನ್ನು ತೆಗೆದುಕೊಂಡರು. "ಬ್ಲಡ್ ಟೆಸ್ಟ್ ಬರೆದುಕೊಡ್ತೀನಿ. ಹಿಮೋಗ್ಲೋಬಿನ್, ಥೈರಾಯ್ಡ್ ಎರಡೂ ನೋಡೋಣ. ಈ ವಯಸ್ಸಲ್ಲಿ ಎಲ್ಲರಿಗೂ ಆಗತ್ತೆ."

ಚೀಟಿ ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಬಸ್ ಸ್ಟಾಪಿನಲ್ಲಿ ಕೂತಳು. ಅವಳ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಮನೆಯಲ್ಲಿ ಹೇಳಬೇಕಾದ ಸಂತೋಷದ ಸುದ್ದಿಯನ್ನು ಯೋಚಿಸಿದಳು. ಮುಗೀತು, ವಾಸಿ ಆಯ್ತು, ಇವತ್ತು ರಾತ್ರಿಗೆ ಏನು ಹುಳಿ ಮಾಡಲಿ? ಮೂರನೇ ಬಸ್ಸಿಗೆ ಎದ್ದಳು, ಇಲ್ಲೇ ಕೂತರೆ ಅಡುಗೆ ತಪ್ಪುತ್ತದೆಯೇ.

ಮನೆಗೆ ಬಂದಾಗ ಆರೂವರೆ. ಯಶೋದಮ್ಮ ಹಾಲಿನಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಲಕ್ಷ್ಮೀಪತಿ, ಇವತ್ತಿಂದ ಮತ್ತೆ ನನ್ನ ಪಾಳಿ ಎಂದು ತಾನೇ ತಿಳಿದುಕೊಂಡು, ಸ್ನಾನ ಮಾಡಿ ಪಂಚೆಯುಟ್ಟು ಅಡುಗೆಮನೆಯಲ್ಲಿ ಬೀನ್ಸು ಮುರಿಯುತ್ತಿದ್ದ.

"ಏನಂದ್ರು?" ಎಂದು ಅಲ್ಲಿಂದಲೇ ಕೇಳಿದ. "ಮತ್ತೆ ಏಳು ದಿನಾನಾ?"

ರಾಗಿಣಿ ಚಪ್ಪಲಿ ಬಿಟ್ಟಳು. ಛತ್ರಿಯನ್ನು ಮೂಲೆಗಿಟ್ಟಳು. ನಿಜ ನಾಲಿಗೆಯ ತುದಿಯವರೆಗೂ ಬಂದಿತ್ತು.

"ಹೂಂ," ಎಂದಳು. "ಏಳು ದಿನ."

ಅವನು ಉಸ್ಸೆಂದ. ಅವಳು ತಲೆ ತಗ್ಗಿಸಿಕೊಂಡು ಕೋಣೆಯ ಕಡೆ ನಡೆದಳು. "ಇಲ್ಲಿ ಬಾ," ಎಂದರು ಯಶೋದಮ್ಮ.

ಬಂದಳು. ಯಶೋದಮ್ಮ ಅವಳನ್ನು ಬಗ್ಗಿಸಿ, ಗಲ್ಲ ಹಿಡಿದು ಟ್ಯೂಬ್‌ಲೈಟಿನ ಕಡೆ ತಿರುಗಿಸಿದರು. ಪೀಲಿಂಗು ಮಾಡಿಸಿಕೊಂಡು ಬಂದ ದಿನ ಅವಳ ಮುಖ ಕಾದ ಕಾವಲಿಯ ಹಾಗೆ ಕೆಂಪಗಿರುತ್ತಿತ್ತು, ಬಿಳಿ ಕ್ರೀಮು ಮೆತ್ತಿರುತ್ತಿತ್ತು. ಇವತ್ತು ಕೆಂಪಿಲ್ಲ, ಕ್ರೀಮಿಲ್ಲ. ಮಧ್ಯಾಹ್ನ ಹೋದ ಹಾಗೇ ಬಂದ, ಕಲೆಯಿಲ್ಲದ, ದಣಿದ ಮುಖ. ರಾಗಿಣಿಗೆ ಅತ್ತೆಯ ಕಣ್ಣು ನೋಡುವ ಧೈರ್ಯವಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಆ ಮನೆಯಲ್ಲಿ ಅವಳು ಹೇಳಿದ ಮೊದಲ ಸುಳ್ಳು ಒಂದು ನಿಮಿಷವೂ ಬಾಳಲಿಲ್ಲ. ಯಶೋದಮ್ಮನ ಹೆಬ್ಬೆರಳು ಅವಳ ಎಡಗೆನ್ನೆಯ ಮೇಲೆ ಒಂದು ಸಲ ಮೆಲ್ಲಗೆ ಹೋಗಿ ಬಂತು.

"ಲಕ್ಷ್ಮೀಪತೀ," ಎಂದು ಕೂಗಿದರು.

"ಏನಮ್ಮಾ?"

"ಈ ಸಲ ತುಂಬ ಜೋರಾಗಿ ಹಾಕಿಬಿಟ್ಟಿದಾರೆ ಕಣೋ. ಮುಖ ನೋಡಕ್ಕಾಗ್ತಾ ಇಲ್ಲ. ಏಳು ದಿನ ಸಾಲಲ್ಲ, ಹತ್ತು ದಿನ ಆಗತ್ತೆ."

"ಹತ್ತು ದಿನಾನಾ!"

"ಹೂಂ, ಹತ್ತು. ಬೇಳೆ ತೊಳೆದಿಡು, ಬಂದು ಹೇಳ್ತೀನಿ."

ರಾಗಿಣಿ ಇನ್ನೂ ಬಗ್ಗಿಕೊಂಡೇ ಇದ್ದಳು. ಯಶೋದಮ್ಮ ಅವಳ ಗಲ್ಲ ಬಿಟ್ಟು ಮತ್ತೆ ಬತ್ತಿ ಹೊಸೆಯತೊಡಗಿದರು.

"ಇನ್ನೂ ನಿಂತಿದೀಯಲ್ಲ," ಎಂದರು, ತಲೆಯೆತ್ತದೆ. "ಹೋಗು. ಹೋಗಿ ಮಲಕ್ಕೋ."